ಉಪನಿಷತ್ತಿನ ‘ಒಂದು’, ಭೌತವಿಜ್ಞಾನದ ‘ಒಂದು’: ಹೋಲಿಕೆ ಎಲ್ಲಿಯವರೆಗೆ ನಿಲ್ಲುತ್ತದೆ?

ಮಾಟುಂಗಾದ ಓದುಗ

ಮಾಟುಂಗಾದಲ್ಲಿ ನಾವು ಕೆಲವರು ಭಾನುವಾರ ಸೇರಿ ಓದುವ ಕೂಟದಲ್ಲಿ ಈಗ ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯ ನಡೆಯುತ್ತಿದೆ. ಹನ್ನೆರಡು ವರ್ಷ ಗುರುಕುಲದಲ್ಲಿದ್ದು, ಎಲ್ಲವನ್ನೂ ಬಲ್ಲೆನೆಂಬ ಬಿಗುಮಾನದಿಂದ ಮನೆಗೆ ಬಂದ ಶ್ವೇತಕೇತುವನ್ನು ತಂದೆ ಉದ್ದಾಲಕ ಆರುಣಿ ಕೇಳುತ್ತಾನೆ: ಯಾವುದನ್ನು ಕೇಳಿದರೆ ಕೇಳದಿದ್ದದ್ದೂ ಕೇಳಿದಂತಾಗುತ್ತದೆಯೋ, ಯಾವುದನ್ನು ತಿಳಿದರೆ ತಿಳಿಯದಿದ್ದದ್ದೂ ತಿಳಿದಂತಾಗುತ್ತದೆಯೋ, ಅದನ್ನು ನಿನ್ನ ಗುರುಗಳಲ್ಲಿ ಕೇಳಿ ತಿಳಿದುಕೊಂಡೆಯಾ? ಇದನ್ನು ಓದಿದಾಗ ನಮ್ಮಲ್ಲೊಬ್ಬರು, ಐನ್‌ಸ್ಟೈನ್ ತಮ್ಮ ಬದುಕಿನ ಕೊನೆಯ ಮೂವತ್ತು ವರ್ಷ ಹುಡುಕಿ 1955ರಲ್ಲಿ ತೀರಿಕೊಳ್ಳುವವರೆಗೂ ಕಾಣದ, ಪ್ರಕೃತಿಯ ಬಲಗಳನ್ನು ಒಂದೇ ಗಣಿತಕ್ಕೆ ತರುವ ಏಕೀಕೃತ ಸಿದ್ಧಾಂತ ಇದೇ, ನಮ್ಮ ಋಷಿಗಳು ಅದನ್ನು ಆಗಲೇ ಹೇಳಿ ಮುಗಿಸಿದ್ದಾರೆ ಎಂದರು. ಅರ್ಧ ಜನ ತಲೆದೂಗಿದರು, ಇನ್ನರ್ಧ ಜನ ಸುಮ್ಮನಿದ್ದರು. ಸುಮ್ಮನಿದ್ದವರಲ್ಲಿ ನಾನೂ ಒಬ್ಬ.

ವೇದಿಕೆಯ ಸದಸ್ಯರಲ್ಲಿ ನನ್ನ ಪ್ರಶ್ನೆ ಇಷ್ಟು. ಈ ಹೋಲಿಕೆ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಮುರಿದು ಬೀಳುತ್ತದೆ? ‘ಎಲ್ಲವೂ ವೇದದಲ್ಲಿದೆ’ ಎನ್ನುವುದಾಗಲಿ, ‘ಅದೆಲ್ಲ ಹಳೆಯ ಕಂತೆ’ ಎನ್ನುವುದಾಗಲಿ ಉತ್ತರವಾಗುವುದಿಲ್ಲವಾದ್ದರಿಂದ, ದಯವಿಟ್ಟು ಗ್ರಂಥದ ಸ್ಥಳವನ್ನು ಹೇಳಿ ಬರೆಯಿರಿ.

ಡೊಂಬಿವಲಿ ಇಂಜಿನಿಯರ್

ಹೋಲಿಕೆ ಬರಿಯ ಭಾವುಕತೆ ಎಂದು ನನಗೆ ತೋರುವುದಿಲ್ಲ. 1893ರಲ್ಲಿ ಶಿಕಾಗೋದಲ್ಲಿ ವಿವೇಕಾನಂದರು ಓದಿದ ಹಿಂದೂಧರ್ಮದ ಪ್ರಬಂಧದಲ್ಲಿ, ವಿಜ್ಞಾನವೆಂದರೆ ಏಕತೆಯ ಶೋಧ, ಪೂರ್ಣ ಏಕತೆ ಸಿಕ್ಕ ದಿನ ಅದರ ಪಯಣ ಮುಗಿಯುತ್ತದೆ ಎಂಬ ಮಾತು ಬರುತ್ತದೆ. ನಿಕೋಲಾ ಟೆಸ್ಲಾ ಅವರೊಡನೆ ಪ್ರಾಣ ಮತ್ತು ಆಕಾಶ ತತ್ತ್ವಗಳ ಬಗ್ಗೆ ಅವರು ಮಾತನಾಡಿದ್ದರು. ಭೌತವಿಜ್ಞಾನಿ ಶ್ರೋಡಿಂಜರ್ 1925ರಲ್ಲಿ ವೇದಾಂತದ ಕುರಿತು ಪ್ರಬಂಧ ಬರೆದರು; ಕೆಲವೇ ತಿಂಗಳಲ್ಲಿ, 1926ರಲ್ಲಿ, ಅವರ ತರಂಗ ಸಮೀಕರಣ ಹೊರಬಂತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಅಂಗಳದಲ್ಲಿ 2004ರಿಂದ ಭಾರತ ಕೊಟ್ಟ ನಟರಾಜನ ಮೂರ್ತಿಯಿದೆ. ಇಷ್ಟು ಮಂದಿ ದೊಡ್ಡವರು ಒಂದೇ ದಿಕ್ಕಿಗೆ ಕೈ ತೋರಿಸುತ್ತಿರುವಾಗ ಅದನ್ನು ಕಾಕತಾಳೀಯ ಎಂದು ತಳ್ಳಿಹಾಕುವುದು ಹೇಗೆ?

ಕೊಲಾಬಾದ ನಿವೃತ್ತ

ಡೊಂಬಿವಲಿಯವರು ಕೊಟ್ಟ ಪಟ್ಟಿಯಲ್ಲಿ ಸುಳ್ಳಿಲ್ಲ, ಆದರೆ ಅದರಿಂದ ಹೊರಡುವ ತೀರ್ಮಾನ ಸರಿಯಲ್ಲ. 1896ರ ಫೆಬ್ರವರಿಯಲ್ಲಿ ವಿವೇಕಾನಂದರು ಬರೆದ ಪತ್ರದಲ್ಲಿರುವುದು, ಶಕ್ತಿ ಮತ್ತು ದ್ರವ್ಯಗಳೆರಡನ್ನೂ ಒಂದೇ ಮೂಲಕ್ಕೆ ಇಳಿಸಬಹುದೆಂದು ಟೆಸ್ಲಾ ಗಣಿತದಿಂದ ತೋರಿಸಬಲ್ಲರೆಂಬ ನಿರೀಕ್ಷೆ. ಟೆಸ್ಲಾ ಅಂಥ ಗಣಿತವನ್ನು ಪ್ರಕಟಿಸಲಿಲ್ಲ. ದ್ರವ್ಯಕ್ಕೂ ಶಕ್ತಿಗೂ ಇರುವ ಸಂಬಂಧ 1905ರಲ್ಲಿ ಬಂದದ್ದು ಬೇರೆಯೇ ದಾರಿಯಿಂದ, ಚಲಿಸುವ ಕಾಯಗಳ ವಿದ್ಯುತ್‌ಕಾಂತೀಯ ಸಮಸ್ಯೆಯಿಂದ. ಶ್ರೋಡಿಂಜರ್ ಅವರಿಗೆ ವೇದಾಂತದಲ್ಲಿ ನಿಜವಾದ ಶ್ರದ್ಧೆಯಿತ್ತು. ಆದರೆ ಅವರ ಸಮೀಕರಣವನ್ನು ಬಿಡಿಸಿ ಜಲಜನಕದ ರೋಹಿತದ ಗೆರೆಗಳನ್ನು ಲೆಕ್ಕ ಹಾಕಲು ಆತ್ಮದ ಪ್ರಸ್ತಾಪ ಎಳ್ಳಷ್ಟೂ ಬೇಕಾಗುವುದಿಲ್ಲ. ಒಬ್ಬ ವಿಜ್ಞಾನಿಗೆ ಪ್ರೇರಣೆ ಎಲ್ಲಿಂದ ಬಂತು ಎಂಬುದು ಅವನ ಜೀವನಚರಿತ್ರೆಗೆ ಸೇರಿದ ವಿಷಯ. ನಟರಾಜನ ಮೂರ್ತಿ ಒಂದು ಉಡುಗೊರೆ.

ಭೌತವಿಜ್ಞಾನದಲ್ಲಿ ಏಕೀಕರಣವೆಂದರೆ ‘ಎಲ್ಲವೂ ಒಂದೇ’ ಎಂಬ ಘೋಷಣೆಯಲ್ಲ. ಬೇರೆ ಬೇರೆ ಎಂದು ಕಂಡ ಎರಡು ಬಲಗಳನ್ನು ಒಂದೇ ಗಣಿತದಿಂದ ವಿವರಿಸಿ, ಆ ಗಣಿತ ಹೊಸದಾಗಿ ಹೇಳುವ ಸಂಗತಿಯೊಂದನ್ನು ಅಳೆದು ನೋಡುವುದು. ಮ್ಯಾಕ್ಸ್‌ವೆಲ್ 1860ರ ದಶಕದಲ್ಲಿ ವಿದ್ಯುತ್ತನ್ನೂ ಕಾಂತತ್ವವನ್ನೂ ಜೋಡಿಸಿದಾಗ ಬೆಳಕಿನ ವೇಗ ತಾನಾಗಿ ಹೊರಬಂತು. ಗ್ಲಾಶೋ, ಸಲಾಂ, ವೈನ್‌ಬರ್ಗ್ ಅವರು ವಿದ್ಯುತ್‌ಕಾಂತೀಯ ಬಲವನ್ನು ಪರಮಾಣು ಬೀಜದೊಳಗೆ ಕೆಲಸಮಾಡುವ ‘ದುರ್ಬಲ ಬಲ’ದೊಂದಿಗೆ ಜೋಡಿಸಿದರು. 1979ರಲ್ಲಿ ನೊಬೆಲ್ ಬಂತು, ಅವರ ಸಿದ್ಧಾಂತ ಮುನ್ನುಡಿದ ಡಬ್ಲ್ಯು ಮತ್ತು ಝಡ್ ಕಣಗಳು 1983ರಲ್ಲಿ ಸರ್ನ್‌ನಲ್ಲಿ ಸಿಕ್ಕವು.

ಮುಂದಿನ ಹೆಜ್ಜೆಯ ಕಥೆ ಕನ್ನಡಿಗರಿಗೆ ಹತ್ತಿರದ್ದು, ಮುಂಬಯಿಗೂ ಹತ್ತಿರದ್ದು. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 1974ರಲ್ಲಿ ಜಾರ್ಜಿ ಮತ್ತು ಗ್ಲಾಶೋ, ಪರಮಾಣು ಬೀಜವನ್ನು ಹಿಡಿದಿಡುವ ‘ಪ್ರಬಲ ಬಲ’ವನ್ನೂ ಇದರೊಳಗೆ ತರುವ ‘ಎಸ್‌ಯು(5)’ ಎಂಬ ಮಹಾ ಏಕೀಕರಣ ಸಿದ್ಧಾಂತವನ್ನು ಮುಂದಿಟ್ಟರು. ಅದು ನಿಜವಾದರೆ ಪ್ರೋಟಾನ್ ಶಾಶ್ವತವಲ್ಲ, ಬಹಳ ನಿಧಾನವಾಗಿಯಾದರೂ ಒಡೆಯಲೇಬೇಕು. ಎಷ್ಟು ನಿಧಾನವೆಂದರೆ, ಅದರ ಸರಾಸರಿ ಆಯುಸ್ಸು 1ರ ಮುಂದೆ 30ರಷ್ಟು ಸೊನ್ನೆಗಳಿರುವ ವರ್ಷಗಳು. ವಿಶ್ವದ ವಯಸ್ಸಾದರೋ ಸುಮಾರು 1380 ಕೋಟಿ ವರ್ಷ ಮಾತ್ರ. ಒಂದು ಪ್ರೋಟಾನನ್ನು ಕಾಯುತ್ತ ಕೂರುವುದು ಸಾಧ್ಯವಿಲ್ಲ, ಆದರೆ ನೂರಾರು ಟನ್ ದ್ರವ್ಯದಲ್ಲಿರುವ ಎಲ್ಲ ಪ್ರೋಟಾನುಗಳನ್ನು ಒಟ್ಟಿಗೆ ಕಾಯಬಹುದು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾದವರೊಡನೆ ಸೇರಿ 1980ರ ಸುಮಾರಿಗೆ ಈ ಕೆಲಸಕ್ಕೆ ಕೈಹಾಕಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ. ಕಬ್ಬಿಣದ ಫಲಕಗಳ ನಡುವೆ ಸಾಲುಸಾಲಾಗಿ ಕಣಗಳನ್ನು ಎಣಿಸುವ, ಅನಿಲ ತುಂಬಿದ ಕೊಳವೆಗಳನ್ನು ಜೋಡಿಸಿದ 140 ಟನ್ ತೂಕದ ಯಂತ್ರವದು. ಅಷ್ಟು ಆಳಕ್ಕೆ ಹೋದದ್ದು ಏಕೆಂದರೆ, ಬಾಹ್ಯಾಕಾಶದಿಂದ ಸುರಿಯುವ ಕಣಗಳ ಗದ್ದಲವನ್ನು ತಡೆಯಲು ಅಷ್ಟು ಬಂಡೆ ಮೇಲಿರಬೇಕಿತ್ತು. ಇದೇ ಗಣಿಯಲ್ಲಿ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳನ್ನು ಪತ್ತೆಹಚ್ಚಿದ ಅನುಭವವೂ ಅವರಿಗಿತ್ತು.

ಕೋಲಾರದ ತಂಡ ಪ್ರೋಟಾನ್ ಒಡೆದಿರಬಹುದಾದ ಕೆಲವು ಘಟನೆಗಳನ್ನು ವರದಿ ಮಾಡಿತು. ಆದರೆ ಅಮೆರಿಕದ ಮತ್ತು ಜಪಾನಿನ ಇನ್ನೂ ದೊಡ್ಡ ಯಂತ್ರಗಳಲ್ಲಿ ಅದು ದೃಢಪಡಲಿಲ್ಲ. ಇಂದು ಜಪಾನಿನ ಸೂಪರ್ ಕಾಮಿಯೊಕಾಂಡೆ ಯಂತ್ರ ಹಾಕಿರುವ ಮಿತಿಯಂತೆ, ಆ ಸಿದ್ಧಾಂತ ಮುಖ್ಯವೆಂದು ಹೇಳಿದ ಬಗೆಯಲ್ಲಿ ಪ್ರೋಟಾನ್ ಒಡೆಯುವುದಾದರೆ ಅದರ ಆಯುಸ್ಸು 1ರ ಮುಂದೆ 34 ಸೊನ್ನೆಗಳಷ್ಟು ವರ್ಷಕ್ಕಿಂತಲೂ ಹೆಚ್ಚು. ಅಂದಮೇಲೆ ಎಸ್‌ಯು(5) ತನ್ನ ಮೊದಲ ಸರಳ ರೂಪದಲ್ಲಿ ಬಿದ್ದುಹೋಯಿತು. ಅಷ್ಟು ಸುಂದರವಾದ ಏಕತೆ, ಆದರೂ ಬಿದ್ದುಹೋಯಿತು.

ಗುರುತ್ವಾಕರ್ಷಣೆಯಂತೂ ಇನ್ನೂ ಹೊರಗೇ ಇದೆ. ಈಗ ನನ್ನ ಪ್ರಶ್ನೆ: ಎಲ್ಲಕ್ಕೂ ಮೂಲವೆಂದು ಉದ್ದಾಲಕ ಹೇಳುವ ‘ಸತ್’ (ಇರುವಿಕೆ) ತಪ್ಪು ಎಂದು ತೋರಿಸಬಲ್ಲ ಗಣಿ ಎಲ್ಲಿದೆ? ಹಾಗೆ ತೋರಿಸಲು ಬಾರದು ಎನ್ನುವುದಾದರೆ ಅದು ಉದ್ದಾಲಕನ ಕೊರತೆಯೆಂದು ನಾನು ಹೇಳುತ್ತಿಲ್ಲ. ಎರಡೂ ಒಂದೇ ಜಾತಿಯ ಹೇಳಿಕೆಗಳಲ್ಲ, ಅಷ್ಟೆ.

ಸಾಂತಾಕ್ರೂಜ್ ಪೂರ್ವ

ಚರ್ಚೆಯಲ್ಲಿ ಒಂದು ಮಾತನ್ನು ಯಾರೂ ಪ್ರಶ್ನಿಸದೆ ಮುಂದೆ ಹೋಗುತ್ತಿದ್ದೀರಿ. ‘ಹಿಂದೂ ದರ್ಶನ ಎಲ್ಲವೂ ಒಂದು ಎನ್ನುತ್ತದೆ’ ಎಂದು ಯಾರು ಹೇಳಿದರು? ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಹೇಳಲಿಲ್ಲ. ಮುಂಬಯಿಯಲ್ಲಿ ಇಡ್ಲಿ ಬೇಯಿಸಿ ಬದುಕು ಕಟ್ಟಿಕೊಂಡ ನಮ್ಮ ಹಿರಿಯರಲ್ಲಿ ಅನೇಕರು ಅವರ ಅನುಯಾಯಿಗಳೇ ಆಗಿರುವಾಗ, ಈ ವೇದಿಕೆಯಲ್ಲಿ ಅದ್ವೈತವನ್ನೇ ಹಿಂದೂ ದರ್ಶನವೆಂದು ಕರೆಯುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಉದ್ದಾಲಕನ ಮೂರು ದೃಷ್ಟಾಂತಗಳನ್ನು ಒಮ್ಮೆ ಬಿಡಿಸಿ ನೋಡಿ. ಒಂದು ಮಣ್ಣಿನ ಮುದ್ದೆಯಿಂದ ಮಣ್ಣಿನದೆಲ್ಲ ತಿಳಿಯುತ್ತದೆ, ಒಂದು ಚಿನ್ನದ ತುಣುಕಿನಿಂದ ಚಿನ್ನದ್ದೆಲ್ಲ ತಿಳಿಯುತ್ತದೆ, ಒಂದು ಉಗುರು ಕತ್ತರಿಸುವ ಸಾಧನದಿಂದ ಕಬ್ಬಿಣದ್ದೆಲ್ಲ ತಿಳಿಯುತ್ತದೆ. ಮಧ್ವಾಚಾರ್ಯರು ತಮ್ಮ ವಿಷ್ಣುತತ್ತ್ವನಿರ್ಣಯವೆಂಬ ಗ್ರಂಥದಲ್ಲಿ ಇಲ್ಲಿ ತಡೆದು ನಿಲ್ಲಿಸುತ್ತಾರೆ. ಉಪಾದಾನ ಕಾರಣವನ್ನು (ವಸ್ತು ಯಾವುದರಿಂದ ಆಗಿದೆಯೋ ಅದನ್ನು) ತಿಳಿದರೆ ಕಾರ್ಯವೆಲ್ಲ ತಿಳಿಯುತ್ತದೆ ಎಂಬುದೇ ಶ್ರುತಿಯ ಅಭಿಪ್ರಾಯವಾಗಿದ್ದರೆ ‘ಮಣ್ಣಿನಿಂದ’ ಎಂದರೆ ಸಾಕಿತ್ತು. ‘ಒಂದು’ ಮತ್ತು ‘ಮುದ್ದೆ’ ಎಂಬ ಪದಗಳು ವ್ಯರ್ಥವಾಗುತ್ತವೆ. ಲೋಕದ ಮಡಕೆಗಳೆಲ್ಲ ಆ ಒಂದು ಮುದ್ದೆಯಿಂದ ಆದವಲ್ಲ. ಉಗುರು ಕತ್ತರಿಸುವ ಸಾಧನವಂತೂ ತಾನೇ ಒಂದು ಕಾರ್ಯ. ಅದರಿಂದ ಗುದ್ದಲಿಯನ್ನೂ ಕೊಡಲಿಯನ್ನೂ ಯಾರೂ ಮಾಡುವುದಿಲ್ಲ. ಆದ್ದರಿಂದ ದೃಷ್ಟಾಂತ ಹೇಳುತ್ತಿರುವುದು ಸಾದೃಶ್ಯವನ್ನು ಮತ್ತು ಪ್ರಾಧಾನ್ಯವನ್ನು. ಮುಖ್ಯವಾದದ್ದನ್ನು ತಿಳಿದವನಿಗೆ ಉಳಿದದ್ದು ತಿಳಿದಂತೆಯೇ, ಹೊರತು ಉಳಿದದ್ದು ಇಲ್ಲವೆಂದಲ್ಲ.

ಅವರ ದೃಷ್ಟಿಯಲ್ಲಿ ತತ್ತ್ವ ಎರಡು ಬಗೆ, ಸ್ವತಂತ್ರ ಮತ್ತು ಅಸ್ವತಂತ್ರ. ಈಶ್ವರ, ಜೀವ, ಜಡಗಳ ನಡುವಣ ಐದು ಭೇದಗಳೂ ಸತ್ಯ; ಜಡಕ್ಕೂ ಜಡಕ್ಕೂ ಇರುವ ಭೇದವೂ ಸತ್ಯ. ಹಾಗಿದ್ದರೂ ಇಡೀ ಜಗತ್ತು ಒಂದರ ಅಧೀನ. ಇದೂ ಏಕತೆಯೇ, ಆದರೆ ಅಧೀನತೆಯಿಂದ ಬರುವ ಏಕತೆ. ಎಲ್ಲವನ್ನೂ ಕರಗಿಸಿ ಒಂದು ಮಾಡುವುದಲ್ಲ. ಭೌತವಿಜ್ಞಾನದೊಂದಿಗೆ ಹೋಲಿಸಲೇಬೇಕೆಂದಿದ್ದರೆ ಮೊದಲು ಯಾವ ‘ಒಂದನ್ನು’ ಹೋಲಿಸುತ್ತಿದ್ದೀರಿ ಎಂದು ಹೇಳಿ.

ಔಂಧ್‌ನ ಉಪನ್ಯಾಸಕಿ

ಸಾಂತಾಕ್ರೂಜಿನವರ ಆಕ್ಷೇಪ ತೂಕವಾದದ್ದು, ಆದರೆ ಶಾಂಕರರ ಕಡೆಯಿಂದ ಅದಕ್ಕೆ ಉತ್ತರವಿಲ್ಲದೆ ಇಲ್ಲ. ಬ್ರಹ್ಮಸೂತ್ರ 2.1.14ರಲ್ಲಿ ‘ತದನನ್ಯತ್ವಮಾರಂಭಣಶಬ್ದಾದಿಭ್ಯಃ’ (ಕಾರ್ಯ ಕಾರಣಕ್ಕಿಂತ ಬೇರೆಯಲ್ಲ) ಎಂಬಲ್ಲಿ ಶಂಕರರು ಎತ್ತಿಕೊಳ್ಳುವುದು ಇದೇ ಛಾಂದೋಗ್ಯವಾಕ್ಯವನ್ನು. ಮಡಕೆ, ಕುಡಿಕೆ ಎಂಬ ವಿಕಾರಗಳು ಹೆಸರನ್ನು ಹಿಡಿದು ನಿಂತವು, ಮಣ್ಣೆಂಬುದೇ ಸತ್ಯ ಎಂದು ಮುಂದಿನ ವಾಕ್ಯವೇ ಹೇಳುತ್ತದೆ. ಮುದ್ದೆಯೂ ಮಣ್ಣಿನ ಒಂದು ರೂಪವೇ ಆದ್ದರಿಂದ, ಅದರಲ್ಲಿ ಕಾಣಬೇಕಾದದ್ದು ಆ ಮುದ್ದೆಯನ್ನಲ್ಲ, ಮಣ್ಣುತನವನ್ನು ಎಂದು ಅದ್ವೈತಿ ವಾದಿಸಬಹುದು. ಎರಡು ಪಕ್ಷಗಳೂ ಒಂದೇ ವಾಕ್ಯದ ಮೇಲೆ ನಿಂತು ಶತಮಾನಗಳಿಂದ ಜಗಳವಾಡುತ್ತಿವೆ, ಯಾರೂ ಸೋತಿಲ್ಲ. ರಾಮಾನುಜರು ಮೂರನೆಯ ದಾರಿ ಹಿಡಿದು ಜಗತ್ತನ್ನು ಬ್ರಹ್ಮದ ಶರೀರ ಎಂದರು.

ನಾನು ಹೇಳಬೇಕಾದದ್ದು ಬೇರೆ. ಭೌತವಿಜ್ಞಾನಿಯ ಏಕೀಕೃತ ಸಿದ್ಧಾಂತಕ್ಕೆ ನಮ್ಮಲ್ಲಿ ನೆಂಟ ಯಾರಾದರೂ ಇದ್ದರೆ ಅದು ವೇದಾಂತದ ಬ್ರಹ್ಮವಲ್ಲ, ಸಾಂಖ್ಯದ ಪ್ರಕೃತಿ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿ ಮೂರು ಗುಣಗಳು ಸಮಸ್ಥಿತಿಯಲ್ಲಿರುವ ಒಂದೇ ಅವ್ಯಕ್ತದಿಂದ ಮಹತ್ತು, ಅಹಂಕಾರ, ಇಂದ್ರಿಯ, ತನ್ಮಾತ್ರ, ಮಹಾಭೂತಗಳವರೆಗೆ ಎಲ್ಲವೂ ಹಂತಹಂತವಾಗಿ ಬಿಚ್ಚಿಕೊಳ್ಳುತ್ತದೆ. ಕಾರ್ಯ ಕಾರಣದಲ್ಲಿ ಮೊದಲೇ ಇರುತ್ತದೆ ಎಂಬ ಸತ್ಕಾರ್ಯವಾದ ಅದಕ್ಕೆ ಬೆನ್ನೆಲುಬು. ವಿಶ್ವದ ಆರಂಭದಲ್ಲಿ ಸಮಮಿತಿಯಲ್ಲಿದ್ದ ಬಲಗಳು ತಣಿದಂತೆ ಬೇರೆಬೇರೆಯಾದವು ಎಂಬ ವಿವರಣೆಯನ್ನು ಓದುವಾಗ ನನಗೆ ನೆನಪಾಗುವುದು ಇದು. ನೆನಪಾಗುವುದು ಎಂದಷ್ಟೇ ಹೇಳುತ್ತೇನೆ. ಸಾಂಖ್ಯದಲ್ಲಿ ಅಳತೆಯಿಲ್ಲ, ಲೆಕ್ಕವಿಲ್ಲ.

ಹೋಲಿಕೆ ನಿಜವಾಗಿ ಉಪಯೋಗಕ್ಕೆ ಬರುವುದು ಇನ್ನೊಂದು ಕಡೆಯಲ್ಲಿ. ಸಾಂಖ್ಯರು ಇಪ್ಪತ್ತನಾಲ್ಕು ತತ್ತ್ವಗಳನ್ನು ಪ್ರಕೃತಿಯ ಕಡೆಗೆ ಹಾಕಿ, ಬುದ್ಧಿ ಮನಸ್ಸುಗಳನ್ನೂ ಅಲ್ಲಿಯೇ ಸೇರಿಸಿ, ಆಮೇಲೂ ಪುರುಷ ಎಂಬ ಇಪ್ಪತ್ತೈದನೆಯದನ್ನು ಹೊರಗೆ ಉಳಿಸಿಕೊಂಡರು. ನೋಡುವವನನ್ನು ನೋಟದ ಪಟ್ಟಿಯೊಳಗೆ ತುರುಕಲು ಅವರು ಒಪ್ಪಲಿಲ್ಲ. ಬಲಗಳನ್ನೆಲ್ಲ ಒಂದು ಸಮೀಕರಣಕ್ಕೆ ತಂದ ದಿನವೂ ಆ ಸಮೀಕರಣವನ್ನು ಅರಿಯುವ ಅರಿವಿನ ಲೆಕ್ಕ ಬಾಕಿ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಕೇಳಿದ ದರ್ಶನ ನನಗೆ ಗೊತ್ತಿಲ್ಲ. ಅದ್ವೈತ ಇಲ್ಲಿ ಆತುರಪಟ್ಟಿತು ಎಂದು ನನ್ನ ಅಭಿಪ್ರಾಯ, ಒಪ್ಪದವರು ಬರೆಯಲಿ.

ಮಡಗಾಂವ್ ಕನ್ನಡಿಗ

ಗೋವೆಯಲ್ಲಿರುವವರಿಗೆ ಈ ಜಗಳ ಪುಸ್ತಕದ್ದಲ್ಲ. ಫೋಂಡಾ ತಾಲೂಕಿನ ಕವಳೆಯಲ್ಲಿ ಗೌಡಪಾದಾಚಾರ್ಯರ ಹೆಸರಿನ ಅದ್ವೈತ ಮಠವಿದೆ. ದಕ್ಷಿಣಕ್ಕೆ ಕಾಣಕೋಣದ ಪರ್ತಗಾಳಿಯಲ್ಲಿ ಗೋಕರ್ಣ ಮಠ, ಅದು ಮಾಧ್ವ. ಸಾರಸ್ವತರಲ್ಲಿ ಸ್ಮಾರ್ತರು ಕವಳೆಗೆ, ವೈಷ್ಣವರು ಪರ್ತಗಾಳಿಗೆ. ಒಂದೇ ಭಾಷೆ, ಒಂದೇ ಊಟ. ಮನೆಗಳ ನಡುವೆ ಕೊಡುಕೊಳ್ಳುವಿಕೆಯೂ ಇದೆ. ಜಗತ್ತು ಸತ್ಯವೋ ಮಿಥ್ಯೆಯೋ ಎಂಬ ಪ್ರಶ್ನೆ ಮಾತ್ರ ಬಗೆಹರಿದಿಲ್ಲ. ಅದರಿಂದ ಯಾರ ಮನೆಯ ಮೀನು ಸಾರೂ ಕೆಟ್ಟಿಲ್ಲ.

ಗೌಡಪಾದರ ಹೆಸರು ಬಂದದ್ದರಿಂದ ಹೇಳುತ್ತೇನೆ. ಮಾಂಡೂಕ್ಯಕಾರಿಕೆಯ ಮೂರನೆಯ ಪ್ರಕರಣದ 15ನೆಯ ಶ್ಲೋಕವನ್ನು ಮೂಲಪ್ರಶ್ನೆ ಕೇಳಿದವರು ಒಮ್ಮೆ ಓದಬೇಕು. ಮಣ್ಣು, ಲೋಹ, ಕಿಡಿ ಮೊದಲಾದ ದೃಷ್ಟಾಂತಗಳಿಂದ ಹೇಳಿರುವ ಸೃಷ್ಟಿ ತಿಳಿವಳಿಕೆಗೆ ಇಳಿಸಲು ಹೂಡಿದ ಉಪಾಯ, ಭೇದವೆಂಬುದು ಹೇಗೂ ಇಲ್ಲ ಎಂದು ಅವರು ಅಲ್ಲಿ ಹೇಳುತ್ತಾರೆ. ಅಂದರೆ ಉದ್ದಾಲಕನ ಮಣ್ಣಿನ ಮುದ್ದೆಯನ್ನು ವಿಶ್ವದ ಉತ್ಪತ್ತಿಯ ಸಿದ್ಧಾಂತವೆಂದು ಓದಬೇಡಿ ಎಂದು ಅದ್ವೈತದ ಪರಮಗುರುವೇ ಎಚ್ಚರಿಸಿದ್ದಾರೆ. ಹುಟ್ಟೇ ಇಲ್ಲ ಎನ್ನುವ ಅಜಾತಿವಾದಿಗೆ ಮಹಾಸ್ಫೋಟದಿಂದ ಏನಾಗಬೇಕಾಗಿದೆ? ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ಗಂಟು ಹಾಕಿದ ಹಾಗಾಯಿತು. ಅದ್ವೈತಕ್ಕೆ ಭೌತವಿಜ್ಞಾನದ ಸರ್ಟಿಫಿಕೇಟು ಕೊಡಿಸಲು ಓಡಾಡುವವರು ಅದ್ವೈತವನ್ನು ಸಣ್ಣದು ಮಾಡುತ್ತಿದ್ದಾರೆ.

ಡೊಂಬಿವಲಿ ಇಂಜಿನಿಯರ್

ಹಾಗಾದರೆ ಶ್ರುತಿಗೆ ಜಗತ್ತಿನ ಬಗ್ಗೆ ಹೇಳುವ ಅಧಿಕಾರವೇ ಇಲ್ಲವೆಂದಾಯಿತೇ? ತೇಜಸ್ಸು, ಅಪ್ಪು (ನೀರು), ಅನ್ನ ಎಂಬ ಮೂರನ್ನು ಮಿಶ್ರಮಾಡಿ ಎಲ್ಲವೂ ಆಯಿತೆಂಬ ತ್ರಿವೃತ್ಕರಣವನ್ನು ಅದೇ ಆರನೆಯ ಅಧ್ಯಾಯ ವಿವರವಾಗಿ ಹೇಳುತ್ತದೆಯಲ್ಲ. ಬೆಂಕಿಯ ಕೆಂಪು ತೇಜಸ್ಸಿನದು, ಬಿಳುಪು ಅಪ್ಪಿನದು, ಕಪ್ಪು ಅನ್ನದ್ದು ಎಂದು ಬಣ್ಣ ಹಿಡಿದು ಬಿಡಿಸಿದ ಉದ್ದಾಲಕನಿಗೆ ಭೌತಿಕ ಜಗತ್ತಿನಲ್ಲಿ ಆಸಕ್ತಿಯಿರಲಿಲ್ಲವೆಂದು ನಂಬುವುದು ಕಷ್ಟ. ಜೊತೆಗೆ, ಮಗನನ್ನು ಹದಿನೈದು ದಿನ ಉಪವಾಸವಿರಿಸಿ, ಕಲಿತ ಋಕ್ಕುಗಳು ನೆನಪಿಗೆ ಬರುತ್ತವೆಯೇ ಎಂದು ಪರೀಕ್ಷಿಸಿ, ಮತ್ತೆ ಊಟ ಹಾಕಿ ನೆನಪು ಮರಳುವುದನ್ನು ತೋರಿಸುತ್ತಾನೆ. ಇದು ಪ್ರಯೋಗವಲ್ಲದೆ ಇನ್ನೇನು?

ಕೊಲಾಬಾದ ನಿವೃತ್ತ

ಪ್ರಯೋಗವೇ ಹೌದು, ಮತ್ತು ಬಹಳ ಒಳ್ಳೆಯ ಪ್ರಯೋಗ. ಮನಸ್ಸು ಅನ್ನಮಯ ಎಂಬ ಮಾತನ್ನು ನಂಬು ಎನ್ನದೆ, ಹಸಿದು ನೋಡು ಎಂದ ತಂದೆಯನ್ನು ಯಾವ ವಿಜ್ಞಾನಿಯಾದರೂ ಗೌರವಿಸುತ್ತಾನೆ. ಡೊಂಬಿವಲಿಯವರು ಶ್ರೋಡಿಂಜರ್ ಬದಲು ಇದರಿಂದಲೇ ಮೊದಲುಮಾಡಬಹುದಿತ್ತು. ಆದರೆ ಗಮನಿಸಿ, ಉದ್ದಾಲಕ ಈ ಬಗೆಯ ಪರೀಕ್ಷೆ ಮಾಡಿದ್ದು ಅನ್ನ ಮತ್ತು ಮನಸ್ಸಿನ ಸಂಬಂಧಕ್ಕೆ. ‘ತತ್ತ್ವಮಸಿ’ಯ ಕಡೆಗೆ ಬಂದಾಗ ಆಲದ ಬೀಜವನ್ನು ಒಡೆಸಿ, ನೀರಿನಲ್ಲಿ ಉಪ್ಪನ್ನು ಕರಗಿಸಿ ತೋರಿಸುತ್ತಾನಾದರೂ, ಅವು ಕಾಣದ್ದನ್ನು ಊಹಿಸಲು ಕಲಿಸುವ ದೃಷ್ಟಾಂತಗಳು. ಕಾಣದ್ದು ಇದೆ ಎಂಬುದನ್ನು ಸುಳ್ಳಾಗಿಸಬಲ್ಲ ಪರೀಕ್ಷೆಗಳಲ್ಲ.

ಔಂಧ್‌ನವರು ಕೇಳಿದ ಅರಿವಿನ ಪ್ರಶ್ನೆಗೆ ಸಂಬಂಧಿಸಿ ಒಂದು ಮಾತು. ಕೋಲಾರದ ಗಣಿಯಲ್ಲಿ 1950ರ ದಶಕದ ಆರಂಭದಲ್ಲಿ ವಿಶ್ವಕಿರಣಗಳನ್ನು ಅಳೆಯಲು ಇಳಿದವರಲ್ಲಿ ಮೊದಲಿಗರು ಮೈಸೂರು ಸೀಮೆಯ ಬಿ. ವಿ. ಶ್ರೀಕಂಠನ್. 1975ರಿಂದ 1987ರವರೆಗೆ ಅವರು ಕೊಲಾಬಾದ ಸಂಸ್ಥೆಯ ನಿರ್ದೇಶಕರಾಗಿದ್ದರು, ಪ್ರೋಟಾನ್ ಪ್ರಯೋಗ ನಡೆದದ್ದು ಆ ಅವಧಿಯಲ್ಲಿಯೇ. ನಿವೃತ್ತಿಯ ನಂತರ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದುಕೊಂಡು, 2019ರಲ್ಲಿ ತೀರಿಕೊಳ್ಳುವವರೆಗಿನ ವರ್ಷಗಳಲ್ಲಿ ಅವರು ಹಿಡಿದ ವಿಷಯ ಪ್ರಜ್ಞೆ ಮತ್ತು ವಿಜ್ಞಾನದ ತತ್ತ್ವಶಾಸ್ತ್ರ. ಎರಡೂ ಕೆಲಸಗಳನ್ನು ಅವರು ಗಂಭೀರವಾಗಿ ಮಾಡಿದರು, ಒಂದನ್ನು ಇನ್ನೊಂದರ ಪುರಾವೆಯಾಗಿ ಬಳಸುವ ಅಗತ್ಯವಿರಲಿಲ್ಲ. ಚೈತನ್ಯವೇ ಏಕೀಕೃತ ಕ್ಷೇತ್ರ ಎಂದು ಅಮೆರಿಕದ ಜಾನ್ ಹ್ಯಾಗೆಲಿನ್ ಮುಂತಾದವರು ವಾದಿಸಿದ್ದುಂಟು. ಹ್ಯಾಗೆಲಿನ್ ಕಣಭೌತಶಾಸ್ತ್ರದಲ್ಲಿ ನಿಜವಾದ ಕೆಲಸ ಮಾಡಿದವರೇ, ಆದರೆ ಈ ಸಮೀಕರಣವನ್ನು ಭೌತವಿಜ್ಞಾನಿಗಳು ಒಪ್ಪಲಿಲ್ಲ. ಕ್ಷೇತ್ರ ಎಂಬ ಹೆಸರು ಎರಡೂ ಕಡೆ ಇರುವುದು ಪುರಾವೆಯಾಗುವುದಿಲ್ಲ.

ಔಂಧ್‌ನ ಉಪನ್ಯಾಸಕಿ

ಶ್ರುತಿಯ ಅಧಿಕಾರದ ಬಗ್ಗೆ ಡೊಂಬಿವಲಿಯವರಿಗೆ: ಗೀತೆಯ 18ನೆಯ ಅಧ್ಯಾಯದ 66ನೆಯ ಶ್ಲೋಕದ ಭಾಷ್ಯದಲ್ಲಿ ಶಂಕರರು, ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗುವುದಿಲ್ಲ ಎನ್ನುತ್ತಾರೆ. ಪ್ರತ್ಯಕ್ಷಕ್ಕೆ ಸಿಗುವ ವಿಷಯದಲ್ಲಿ ಪ್ರತ್ಯಕ್ಷವೇ ಪ್ರಮಾಣ. ಬ್ರಹ್ಮಸೂತ್ರ 1.4.14ರ ಭಾಷ್ಯದಲ್ಲಿ, ಉಪನಿಷತ್ತುಗಳ ಸೃಷ್ಟಿಕ್ರಮಗಳು ಒಂದಕ್ಕೊಂದು ಹೊಂದದಿದ್ದರೂ ತೊಂದರೆಯಿಲ್ಲ, ಸೃಷ್ಟಿಯನ್ನು ವರ್ಣಿಸುವುದು ಅವುಗಳ ತಾತ್ಪರ್ಯವೇ ಅಲ್ಲ ಎಂದೂ ಬರೆದಿದ್ದಾರೆ. ಸೀಮೆಯನ್ನು ಹಾಕಿದವರು ಆಧುನಿಕರಲ್ಲ.

ಮಾಟುಂಗಾದ ಓದುಗ

ಮುಂಡಕ ಉಪನಿಷತ್ತಿನ ಆರಂಭವನ್ನೂ ಇಲ್ಲಿಗೆ ತರಬಹುದೆಂದು ತೋರುತ್ತದೆ. ಯಾವುದನ್ನು ತಿಳಿದರೆ ಇದೆಲ್ಲವೂ ತಿಳಿದಂತಾಗುತ್ತದೆ ಎಂದು ಶೌನಕ ಕೇಳಿದಾಗ, ಅಂಗಿರಸ ನೇರವಾಗಿ ಉತ್ತರಿಸದೆ ಪರಾ (ಮೇಲಿನದು), ಅಪರಾ (ಕೆಳಗಿನದು) ಎಂದು ವಿದ್ಯೆಗಳನ್ನು ಎರಡಾಗಿ ಹಂಚುತ್ತಾನೆ. ನಾಲ್ಕು ವೇದಗಳನ್ನೂ ವ್ಯಾಕರಣ, ಜ್ಯೋತಿಷಾದಿಗಳನ್ನೂ ಅಪರೆಯ ಕಡೆಗೇ ಸೇರಿಸುತ್ತಾನೆ. ಏಕೀಕೃತ ಸಿದ್ಧಾಂತ ನಾಳೆ ಸಿದ್ಧವಾದರೂ ಅದಕ್ಕೆ ಜಾಗ ಅಲ್ಲಿಯೇ, ಋಗ್ವೇದದ ಪಕ್ಕದಲ್ಲಿ. ಕೂಟದಲ್ಲಿ ಮಾತೆತ್ತಿದ ಸ್ನೇಹಿತರಿಗೆ ಇದನ್ನು ತೋರಿಸಿದೆ. ಆ ಪಂಕ್ತಿಯಲ್ಲಿ ಕೂರುವುದು ಐನ್‌ಸ್ಟೈನರಿಗೂ ಅವಮಾನವಲ್ಲ ಎಂದು ಅವರು ನಕ್ಕರು, ತಮ್ಮ ಅಭಿಪ್ರಾಯವನ್ನು ಮಾತ್ರ ಬದಲಿಸಲಿಲ್ಲ.

ಸಾಂತಾಕ್ರೂಜ್ ಪೂರ್ವ

ಕೊಲಾಬಾದವರಿಗೆ ಒಂದು ಪ್ರಶ್ನೆ ಉಳಿದಿದೆ. ಎಲ್ಲ ಬಲಗಳೂ ಒಂದೇ ಸಮೀಕರಣಕ್ಕೆ ಬಂದವು ಎಂದಿಟ್ಟುಕೊಳ್ಳೋಣ. ಆಗ ಆಲದ ಬೀಜದಿಂದ ಆಲವೇ ಏಕೆ ಬರುತ್ತದೆ, ಮಾವು ಏಕಿಲ್ಲ ಎಂಬುದು ಆ ಸಮೀಕರಣದಿಂದ ಗೊತ್ತಾಗುತ್ತದೆಯೇ? ಗೊತ್ತಾಗದಿದ್ದರೆ, ಒಂದನ್ನು ತಿಳಿದರೆ ಎಲ್ಲವೂ ತಿಳಿಯುತ್ತದೆ ಎಂಬ ಮಾತು ನಿಮ್ಮಲ್ಲಿಯೂ ಪ್ರಾಧಾನ್ಯದ ಅರ್ಥದಲ್ಲಿಯೇ ನಿಲ್ಲುತ್ತದೆ.

ಕೊಲಾಬಾದ ನಿವೃತ್ತ

ಗೊತ್ತಾಗುವುದಿಲ್ಲ. ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ 1972ರಲ್ಲಿ ವಾದಿಸಿದ್ದು ಇದನ್ನೇ: ಎಲ್ಲವನ್ನೂ ಸರಳ ನಿಯಮಗಳಿಗೆ ಇಳಿಸಬಲ್ಲೆವು ಎಂದಮಾತ್ರಕ್ಕೆ ಆ ನಿಯಮಗಳಿಂದ ಹೊರಟು ಜಗತ್ತನ್ನು ಮರಳಿ ಕಟ್ಟಬಲ್ಲೆವು ಎಂದಾಗುವುದಿಲ್ಲ, ಪ್ರತಿಯೊಂದು ಮಟ್ಟದಲ್ಲಿಯೂ ಹೊಸ ನಿಯಮಗಳು ತಲೆಯೆತ್ತುತ್ತವೆ. ಆಲ ಭೌತನಿಯಮಗಳಿಗೆ ಅಧೀನ, ಆದರೆ ಆಲವೆಂಬುದು ಬರಿಯ ಹೆಸರಲ್ಲ. ಈ ಮಾತನ್ನು ಮಧ್ವರ ಭಾಷೆಯಲ್ಲಿ ಹೇಳಲು ಕಷ್ಟವಾಗಲಿಲ್ಲ ಎಂಬುದು ನನಗೂ ಆಶ್ಚರ್ಯದ ಸಂಗತಿ. ಆದರೆ ಅವರಲ್ಲಿ ಅಧೀನತೆ ಈಶ್ವರನ ಇಚ್ಛೆಗೆ ಸಂಬಂಧಿಸಿದ್ದು. ಇಚ್ಛೆಯನ್ನು ತೆಗೆದುಹಾಕಿದ ಮೇಲೆ ಸ್ವತಂತ್ರ ಎಂಬ ಮಾತಿಗೆ ದ್ವೈತದಲ್ಲಿ ಏನಾದರೂ ಅರ್ಥ ಉಳಿಯುತ್ತದೆಯೇ? ವಿಷ್ಣುತತ್ತ್ವನಿರ್ಣಯಕ್ಕೆ ಜಯತೀರ್ಥರ ಟೀಕೆಯನ್ನು ಓದಿದವರು ಯಾರಾದರೂ ಉತ್ತರಿಸಿದರೆ ಚರ್ಚೆ ಮುಂದುವರಿಸೋಣ.